ಮಾಂಸದ ಮೆಸೇಜ್ ಬಗ್ಗೆ, ಭಾನುವಾರದ ಭೇಟಿ ಬಗ್ಗೆ

ಉಣಕಲ್ಲಿನ ನಮ್ಮ ಓಣಿಯ ಎಲ್ಲರಿಗೂ ನಮಸ್ಕಾರ.

"ದನದ ಮಾಂಸ ತಿಂದರೆ ಸಿಗರೇಟು ಸೇದಿದಷ್ಟೇ ಅಪಾಯ" ಅನ್ನುವ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಿಗರೇಟು ಇರುವ "ಕ್ಯಾನ್ಸರ್ ತರುತ್ತದೆ" ಅನ್ನುವ ಪಟ್ಟಿಗೆ ಸೇರಿಸಿದ್ದು ಸಾಸೇಜ್, ಬೇಕನ್ ಥರದ ಸಂಸ್ಕರಿಸಿದ ಮಾಂಸವನ್ನು. ಅದೂ ಪುರಾವೆ ಗಟ್ಟಿ ಇದೆ ಅಂತ, ಅಪಾಯ ಸಮ ಅಂತಲ್ಲ. ದನದ ಮಾಂಸ ಇರುವುದು "ಬಹುಶಃ ಕ್ಯಾನ್ಸರ್ ತರುತ್ತದೆ" ಅನ್ನುವ ಪಟ್ಟಿಯಲ್ಲಿ. ಕುರಿ, ಆಡು, ಹಂದಿಯೂ ಅಲ್ಲೇ ಇವೆ. ದನದ ಹೆಸರೊಂದೇ ಹೇಳಿ ಸುಮ್ನೆ ಹೆದರಿಸುವುದು ಸರಿಯಲ್ಲ, ಅಲ್ವಾ? ಹಾಗಂತ ಎಚ್ಚರಿಕೆಯೇ ಸುಳ್ಳು ಅಂತಲೂ ಅಲ್ಲ. ದಿನಾ ಜಾಸ್ತಿ ತಿನ್ನುವವರು ಕಡಿಮೆ ಮಾಡಿ.

ಭಾನುವಾರ ಬೆಳಿಗ್ಗೆ 10ಕ್ಕೆ ಕೆರೆಯ ಉದ್ಯಾನದಲ್ಲಿ ಸೇರೋಣ. ಓಣಿಯ ಡಾಕ್ಟರ್ ಬರುತ್ತಾರೆ. ಬಿಪಿ, ಶುಗರ್ ಇರುವವರು ರಿಪೋರ್ಟ್ ತನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ, ಪ್ರಶ್ನೆ ಇದ್ದರೆ ಅದನ್ನೂ ಬರೆಯಿರಿ.