ತಾತನ ಪದ್ಮಿನಿಗೆ ಗುಜರಿ ಫ್ಯಾನ್

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಫೋಟೋ ನೋಡಿದೆ. ಶಿವಾಜಿನಗರದ ಗುಜರಿಯಲ್ಲಿ ಮಾರುತಿ 800ರ ಎಲೆಕ್ಟ್ರಿಕ್ ರೇಡಿಯೇಟರ್ ಫ್ಯಾನ್ ಸಿಕ್ಕಿದೆ, ಈ ಭಾನುವಾರವೇ ತಾತನ ಪದ್ಮಿನಿ ಕಾರಿನ ಬೆಲ್ಟ್ ಫ್ಯಾನ್ ತೆಗೆದು ಅದನ್ನು ಕೂರಿಸುತ್ತೇನೆ ಅಂದಿದ್ದೀಯ. ಒಂದು ವಾರ ತಡಿ ಮಾರಾಯ.

ಮೊದಲು ಗಾಡಿ ಯಾವಾಗ ಕಾಯುತ್ತದೆ ನೋಡು. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಏರಿ, ಓಡಿಸಿದಾಗ ಇಳಿದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಬೆಲ್ಟಿನ ಫ್ಯಾನ್ ಎಂಜಿನ್ ಜೊತೆಗೇ ತಿರುಗುವುದು, ಗಾಡಿ ನಿಂತು ಎಂಜಿನ್ ನಿಧಾನ ಓಡುವ ಐಡಲ್‌ನಲ್ಲಿ ಅದೂ ಒಂದೇ, ಬೀಸಣಿಗೆಯೂ ಒಂದೇ. ಹಾಗಿದ್ದರೆ ನಿನ್ನ ಫ್ಯಾನ್ ಕೆಲಸಕ್ಕೆ ಬರುತ್ತದೆ. ಆದರೆ ಹೈವೇಯಲ್ಲಿ 60ರಲ್ಲಿ ಹೋಗುವಾಗಲೂ ಕಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಅದನ್ನು ಬಿಚ್ಚಿಸಿ ಕ್ಲೀನ್ ಮಾಡಿಸದೆ ಎಂಥ ಫ್ಯಾನ್ ಹಾಕಿದರೂ ದಂಡ.

ಫ್ಯಾನನ್ನು ಮನೆಯಲ್ಲೇ ಬ್ಯಾಟರಿಗೆ ಕೊಟ್ಟು ಹತ್ತು ನಿಮಿಷ ಓಡಿಸು. ಗರಗರ ಸದ್ದು ಬಂದರೆ, ಶಾಫ್ಟ್ ಅಲ್ಲಾಡಿದರೆ, ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ವಾಪಸ್ ಕೊಡು. ಗುಜರಿಯವನು ಗೊಣಗಲಿ ಬಿಡು.

ಇನ್ನು ವೈರಿಂಗ್. ನನ್ನ ಹಳೇ ಗಾಡಿಗೂ ಹೀಗೇ ಹಾಕಿಸಿದ್ದೆ. ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸ್ವಿಚ್ ಕೂರಿಸಿ, ತೆಳ್ಳನೆ ವೈರ್ ಎಳೆದು, ರಿಲೇ (ಜಾಸ್ತಿ ಕರೆಂಟನ್ನು ತಾನು ಹೊತ್ತು ಸ್ವಿಚ್ ಉಳಿಸುವ ಡಬ್ಬಿ) ಇಲ್ಲ ಫ್ಯೂಸ್ ಇಲ್ಲ, "ಏನೂ ಆಗಲ್ಲ ಸಾರ್" ಅಂದ. ಶಿರಾಡಿ ಘಾಟಿ ಹತ್ತುವಾಗ ಸುಟ್ಟ ವಾಸನೆ ಬಂತು. ನಿಮ್ಮತ್ತೆ ಮುಂದಿನ ಲಾರಿಯದ್ದು ಅಂದಳು, ನನಗೂ ಅದೇ ಅನುಕೂಲವಾಗಿತ್ತು, ನಂಬಿದೆ. ಆಮೇಲೆ ಸ್ವಿಚ್ ಮುಟ್ಟಿದರೆ ಪ್ಲಾಸ್ಟಿಕ್ ಕರಗಿ ಬೆರಳಿಗೆ ಅಂಟಿಕೊಂಡಿತು.

ಇಂಥ ಸಣ್ಣ ಫ್ಯಾನ್ ಓಡುವಾಗ ಎಳೆಯುವುದು 8-10 ಆಂಪ್, ಆದರೆ ಶುರುವಾಗುವ ಆ ಕ್ಷಣ ಅದರ ಎರಡು ಮೂರು ಪಟ್ಟು. ಅದಕ್ಕೇ 30 ಆಂಪಿನ ರಿಲೇ ಬೇಕು. ಬ್ಯಾಟರಿಯಿಂದ ಬರುವ ವೈರಿಗೆ ಬ್ಯಾಟರಿ ಪಕ್ಕದಲ್ಲೇ 20 ಆಂಪಿನ ಫ್ಯೂಸ್ ಹಾಕಿ ರಿಲೇಯ 30ನೇ ಪಿನ್ನಿಗೆ ಕೊಡು, 87ರಿಂದ ಫ್ಯಾನಿಗೆ. 85, 86 ರಿಲೇ ಆನ್ ಮಾಡುವ ಕಾಯಿಲ್‌ನವು, ನೀರು ಬಿಸಿಯಾದಾಗ ತಾನೇ ಆನ್ ಆಗುವ ಥರ್ಮೋಸ್ವಿಚ್ ಬರುವುದು ಆ ಸರ್ಕ್ಯೂಟಿನಲ್ಲಿ. ಫ್ಯಾನಿನ ವೈರ್ 2.5 ಚದರ ಮಿಮೀಗಿಂತ ತೆಳು ಬೇಡ. ಥರ್ಮೋಸ್ವಿಚ್ 92 ಡಿಗ್ರಿ ಆಸುಪಾಸಿನಲ್ಲಿ ಆನ್ ಆಗುವಂಥದ್ದು ತಗೋ. ರೇಡಿಯೇಟರಿಗೆ ಬಿಸಿನೀರು ಬಿಡುವ ಥರ್ಮೋಸ್ಟ್ಯಾಟ್ ತೆರೆಯುವ ಬಿಸಿಗಿಂತ ಸ್ವಿಚ್ಚಿನ ಡಿಗ್ರಿ ಕಡಿಮೆ ಇದ್ದರೆ ಫ್ಯಾನಿಗೆ ವಿಶ್ರಾಂತಿಯೇ ಇರಲ್ಲ.

ಬ್ಯಾಟರಿ ಚಾರ್ಜ್ ಮಾಡಲು ತಾತನ ಗಾಡಿಯಲ್ಲಿರುವುದು ಹಳೇ ಡೈನಮೋನೋ ಆಲ್ಟರ್ನೇಟರೋ, ಬಾನೆಟ್ ಎತ್ತಿ ನೋಡು. ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆಯೇ. ಡೈನಮೋ ಐಡಲ್‌ನಲ್ಲಿ ಚಾರ್ಜ್ ಕೊಡುವುದೇ ಇಲ್ಲ ಅನ್ನಬಹುದು. ಫ್ಯಾನ್ ಬೇಕಾಗುವುದು ಐಡಲ್‌ನಲ್ಲಿ! ಮಳೆಗಾಲದ ರಾತ್ರಿ, ಜಾಮ್, ಹೆಡ್‌ಲೈಟ್, ವೈಪರ್, ಮೇಲೆ ಫ್ಯಾನ್ ಅಂದರೆ ಬ್ಯಾಟರಿ ಬರಿದಾಗಿ ನೀನು ಗಾಡಿ ತಳ್ಳಬೇಕು. ಡೈನಮೋ ಇದ್ದರೆ ಮೊದಲು ಆಲ್ಟರ್ನೇಟರ್ ಹಾಕಿಸು, ಫ್ಯಾನ್ ಆಮೇಲೆ.

ಫ್ಯಾನ್ ಕೂರಿಸುವಾಗ ಅದರ ಸುತ್ತಲಿನ ಕವಚ, ಶ್ರೌಡ್, ಬಿಡಬೇಡ. ಅದಿಲ್ಲದಿದ್ದರೆ ರೆಕ್ಕೆ ಎದುರಿನ ವೃತ್ತಕ್ಕೆ ಮಾತ್ರ ಗಾಳಿ, ಮೂಲೆಗಳು ಉಪವಾಸ. ರೇಡಿಯೇಟರ್ ಕೋರ್ ಒಳಗೆ ಪ್ಲಾಸ್ಟಿಕ್ ಟ್ಯಾಗ್ ತೂರಿಸಿ ಕಟ್ಟುವುದನ್ನು ಕಂಡಿದ್ದೇನೆ, ಅದು ಉಜ್ಜಿ ಉಜ್ಜಿ ಟ್ಯೂಬ್ ತೂತಾಗುತ್ತದೆ. ಪಟ್ಟಿ ಬಗ್ಗಿಸಿ ಬ್ರ್ಯಾಕೆಟ್ ಮಾಡಿಸು. ವಾಟರ್ ಪಂಪಿಗೂ ಮೋಟರಿಗೂ ನಡುವೆ ಒಂದು ಇಂಚಾದರೂ ಜಾಗ ಬಿಡು, ಎಂಜಿನ್ ಮೌಂಟಿಂಗ್ ಮೇಲೆ ಅಲ್ಲಾಡುತ್ತದೆ, ಅಲ್ವಾ? ಓಡಿಸಿ ಗ್ರಿಲ್ಲಿನ ಮುಂದೆ ಒಂದು ಪೇಪರ್ ಹಿಡಿ. ಅದು ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಮೋಟರ್ ವೈರ್ ಅದಲುಬದಲಾಗಿದೆ.

ಬೆಲ್ಟ್ ಫ್ಯಾನ್ ಬಿಚ್ಚಿದ ಮೇಲೆ ಪುಲ್ಲಿಯ ಬೋಲ್ಟ್ ಉದ್ದವಾಗಿಬಿಡುತ್ತದೆ. ಅದನ್ನೇ ಬಿಗಿ ಮಾಡಿದರೆ ತಳಕ್ಕೆ ಹೋಗಿ ಕೂರುತ್ತದೆ, ಪುಲ್ಲಿ ಸಡಿಲವೇ. ತೆಗೆದ ಫ್ಯಾನಿನಷ್ಟು ದಪ್ಪದ ವಾಷರ್ ಕೊಡು, ಇಲ್ಲವೇ ಗಿಡ್ಡ ಬೋಲ್ಟ್ ಹುಡುಕು.

ತಾತನ ಫ್ಯಾನ್ ಎಸೆಯಬೇಡ, ಬೋಲ್ಟ್ ಸಮೇತ ಡಿಕ್ಕಿಯಲ್ಲಿಡು. ವೈರ್ ತುದಿ ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳ ನನ್ನ ಹತ್ತಿರ ಇದೆ, ಮುಂದಿನ ಶನಿವಾರ ಬಸ್ಸಿಗೆ ಬರುತ್ತೇನೆ. ನಿಮ್ಮಮ್ಮನಿಗೆ ಅಕ್ಕಿರೊಟ್ಟಿ ಮಾಡು ಅಂತ ಹೇಳು.

ನಿನ್ನ ಮಾವ