ಓಲಗಕ್ಕೂ ಲೈಸೆನ್ಸ್ ಇದೆಯಾ ಅಂತ ಕೇಳಿದರು

ಮಾನ್ಯ ಸಂಪಾದಕರೇ,

ನಾನು ಅರಸೀಕೆರೆ ತಾಲ್ಲೂಕಿನವನು. ಮೈಕ್ ಸೆಟ್ ಇಟ್ಟುಕೊಂಡಿದ್ದೇನೆ. 1971ರಲ್ಲಿ ಅಪ್ಪ ಎರಡು ಹಾರ್ನು, ಒಂದು ಆಂಪ್ಲಿಫೈಯರ್, ಒಂದು ಗ್ರಾಮಫೋನ್ ಪೆಟ್ಟಿಗೆ ಇಟ್ಟುಕೊಂಡು ಶುರು ಮಾಡಿದ ಕಸುಬು ಇದು. ಎತ್ತಿನ ಗಾಡಿಯಲ್ಲಿ ಬ್ಯಾಟರಿ ಹೇರಿಕೊಂಡು ಹಳ್ಳಿಹಳ್ಳಿ ತಿರುಗುತ್ತಿದ್ದರು. ಈಗ ನನ್ನ ಹತ್ತಿರ ಒಂದು ಟಾಟಾ ಏಸ್, ನಾಲ್ಕು ದೊಡ್ಡ ಸ್ಪೀಕರು, ಒಂದು ಮಿಕ್ಸರು, ಒಬ್ಬ ಹುಡುಗ ಇದ್ದಾರೆ. ಮದುವೆ, ನಾಮಕರಣ, ಗಣಪತಿ, ಊರಹಬ್ಬ, ರಾಜ್ಯೋತ್ಸವ, ಕೊನೆಗೆ ತಿಥಿ ಊಟಕ್ಕೂ ಒಂದು ಮೈಕು ಬೇಕು ಅಂತಾರೆ. ಹೋಗುತ್ತೇನೆ.

ಕಳೆದ ಮಾಘದ ಲಗ್ನಗಳಲ್ಲಿ ನಡೆದದ್ದನ್ನು ಹೇಳುತ್ತೇನೆ. ಸಂಜೆ ಆರತಕ್ಷತೆ. ಹೂವಿನವರು ಇನ್ನೂ ಮಂಟಪ ಕಟ್ಟುತ್ತಿದ್ದರು. ನಾನು ವೈರ್ ಎಳೆದು, ಟೇಪ್ ಸುತ್ತಿ, "ಹಲೋ ಹಲೋ ಒನ್ ಟೂ ತ್ರೀ" ಅನ್ನೋ ಹೊತ್ತಿಗೆ ಕಲ್ಯಾಣ ಮಂಟಪದ ಮ್ಯಾನೇಜರ್ ಬಂದರು. "ನಿಮ್ಮ ಹತ್ರ ಮ್ಯೂಸಿಕ್ ಲೈಸೆನ್ಸ್ ಕಾಗದ ಇದೆಯಾ?" ಅಂದರು. ಸೌಂಡ್ ಪರ್ಮಿಶನ್ ಕೇಳ್ತಿದ್ದಾರೆ ಅಂದುಕೊಂಡು ಪೊಲೀಸ್ ಠಾಣೆಯ ಕಾಗದ ತೋರಿಸಿದೆ. ಅದಲ್ಲವಂತೆ. ಮೊಬೈಲ್ ತೆಗೆದು, ಹಾಡುಗಳ ಹಕ್ಕು ನಮ್ಮದು ಅನ್ನೋರಿಂದ ವಾಟ್ಸ್‌ಆ್ಯಪ್‌ಗೆ ಬಂದ ಒಂದು ಪಿಡಿಎಫ್ ತೋರಿಸಿದರು. ಮೂರು ಪುಟ ಇಂಗ್ಲಿಷ್. ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅನ್ನೋ ಸಾಲು ಮಾತ್ರ ದಪ್ಪಕ್ಷರದಲ್ಲಿ ಇತ್ತು. ಉಳಿದದ್ದು ಇರುವೆ ಸಾಲಿನಷ್ಟು ಸಣ್ಣಗೆ. ಹಾಡು ಹಾಕಬೇಕಾದರೆ 8,500 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಒಟ್ಟು 10,030. ಕಟ್ಟದಿದ್ದರೆ ಮಂಟಪದ ಮಾಲೀಕರ ಮೇಲೂ ಕೇಸು ಅಂತೆ. "ನಮಗ್ಯಾಕಪ್ಪಾ ತಲೆನೋವು, ಕಟ್ಟಿಸಿಬಿಡಿ" ಅಂದರು ಮ್ಯಾನೇಜರ್.

ಅಷ್ಟರಲ್ಲಿ ಓಲಗದವರು ಬಂದರು. ಬೆಳಿಗ್ಗೆ ಧಾರೆಗೆ ಅಂತ ಹಿಂದಿನ ದಿನವೇ ಬಂದು ಕೂತವರು, ಕಾಫಿ ಕುಡಿಯುತ್ತಿದ್ದರು. ಮ್ಯಾನೇಜರ್ ಅವರನ್ನೂ ನೋಡಿ, "ಇವರದ್ದೂ ಬೇಕಾಗುತ್ತೇನೋ" ಅಂದರು. ನಾದಸ್ವರದ ಹಿರಿಯರು ಲೋಟ ಕೆಳಗಿಟ್ಟು, "ಸ್ವಾಮಿ, ಇದು ನಮ್ಮಜ್ಜ ಕಲಿಸಿದ್ದು. ಅವರು ಹೋಗಿ ನಲವತ್ತು ವರ್ಷ ಆಯ್ತು. ಅವರ ಹತ್ರ ಲೈಸೆನ್ಸ್ ಇಸ್ಕೊಳ್ಳೋಕೆ ಮರೆತೆ" ಅಂದರು. ಎಲ್ಲರೂ ನಕ್ಕೆವು. ಅವರು ನುಡಿಸೋದು ಜಾಸ್ತಿ ತ್ಯಾಗರಾಜರ ಕೀರ್ತನೆಗಳನ್ನೇ. ತ್ಯಾಗರಾಜರು ತೀರಿಕೊಂಡಿದ್ದು 1847ರಲ್ಲಿ. ನಗದೆ ಏನು ಮಾಡೋದು?

ಆದರೆ ಹುಡುಗಿಯ ಅಪ್ಪ ನಗಲಿಲ್ಲ. ಅವರು ತೆಂಗಿನ ತೋಟದವರು. ಕಾಯಿಗೆ ರೋಗ ಬಿದ್ದ ವರ್ಷ ಮಗಳ ಮದುವೆ ಮಾಡುತ್ತಿದ್ದರು. ಬೀಗರು ಬರೋ ಹೊತ್ತು, ಹಾಡು ನಿಂತರೆ ಮರ್ಯಾದೆ ಹೋಗುತ್ತೆ ಅನ್ನೋ ಭಯ. ಅಡುಗೆ ಮನೆ ಪಕ್ಕದ ಉಗ್ರಾಣಕ್ಕೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿ ಕುಂಬಳಕಾಯಿ ರಾಶಿಯ ಮೇಲೆ ಕೂತು, ಮುಯ್ಯಿ ಬರೆಯುವ ಹುಡುಗನನ್ನು ಕರೆಸಿ, ಅದೇ ಆಗ ಬಂದಿದ್ದ ಕವರ್‌ಗಳನ್ನು ಒಡೆದರು. ನೂರು, ಇನ್ನೂರು, ಐನೂರು. ಎಣಿಸಿ ಮ್ಯಾನೇಜರ್ ಕೈಗೆ ಕೊಟ್ಟರು. ಮ್ಯಾನೇಜರ್ ತಮ್ಮ ಫೋನಿಂದ ಆ ಪಿಡಿಎಫ್‌ನವರಿಗೆ ಕಳಿಸಿದರು. ಐದು ನಿಮಿಷದಲ್ಲಿ ಮುಗಿಯಿತು. ಮುಯ್ಯಿ ದುಡ್ಡು ಅಂದರೆ ನಮ್ಮ ಕಡೆ ಮತ್ತೆ ತೀರಿಸಬೇಕಾದ ಸಾಲ ಇದ್ದ ಹಾಗೆ. ಅದನ್ನು ಒಡೆದದ್ದು ಹಾಡಿಗೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ಮಗಳು ಕಾನೂನು ಓದುತ್ತಾಳೆ. ಮಾರನೇ ವಾರ ಅವಳಿಗೆ ಆ ಪಿಡಿಎಫ್ ಕಳಿಸಿದೆ. ಅವಳು ಫೋನ್ ಮಾಡಿ ಮೊದಲು ಬೈದಳು. "ಮಾವ, ಮದುವೆಗೆ ಯಾಕೆ ಕಟ್ಟಿಸಿದ್ರಿ?" ಅಂತ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ 52ನೇ ಸೆಕ್ಷನ್ ಅಂತ ಇದೆ. ಯಾವುದು ಯಾವುದು ಉಲ್ಲಂಘನೆ ಅಲ್ಲ ಅಂತ ಅದರಲ್ಲಿ ಉದ್ದಕ್ಕೆ ಬರೆದಿದ್ದಾರೆ. ಅದರಲ್ಲಿ ಒಂದು, ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡೋದು, ನುಡಿಸೋದು, ರೆಕಾರ್ಡ್ ಹಾಕೋದು. ಕೆಳಗೆ ವಿವರಣೆಯೂ ಇದೆ: ಧಾರ್ಮಿಕ ಸಮಾರಂಭ ಅಂದರೆ ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಇತರ ಸಾಮಾಜಿಕ ಸಂಭ್ರಮಗಳೂ ಬರುತ್ತವೆ ಅಂತ. 1994ರ ತಿದ್ದುಪಡಿಯಲ್ಲೇ ಸೇರಿಸಿದ್ದಂತೆ. ಅಂದರೆ ನನ್ನ ಕ್ಯಾಸೆಟ್ ಕಾಲದಿಂದಲೂ ಇದೆ. ನನಗೆ ಗೊತ್ತಿರಲಿಲ್ಲ, ಮ್ಯಾನೇಜರ್‌ಗೂ ಗೊತ್ತಿರಲಿಲ್ಲ. ಬೀಗರ ಔತಣವೂ ಇದರಲ್ಲಿ ಬರುತ್ತಾ ಅಂತ ಕೇಳಿದೆ. "ಬರಲೇಬೇಕು, ಅದಿಲ್ಲದೆ ನಿಮ್ಮ ಕಡೆ ಮದುವೆ ಮುಗಿಯುತ್ತಾ?" ಅಂದಳು.

ಅಷ್ಟೇ ಅಲ್ಲ. 2023ರ ಜುಲೈ 24ರಂದು ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ ಒಂದು ಸಾರ್ವಜನಿಕ ಸೂಚನೆ ಹೊರಡಿಸಿದೆ. ಮದುವೆಯ ಸಂಗೀತಕ್ಕೆ ರಾಯಲ್ಟಿ, ಅಂದರೆ ಹಾಡು ಬಳಸಿದ್ದಕ್ಕೆ ಹಕ್ಕುದಾರರಿಗೆ ಕೊಡೋ ದುಡ್ಡು, ಕೇಳೋದು ಈ ಸೆಕ್ಷನ್‌ಗೆ ವಿರುದ್ಧ, ಜನ ಇಂಥ ಬೇಡಿಕೆಗೆ ಮಣಿಯಬೇಡಿ ಅಂತ ಅದರಲ್ಲೇ ಹೇಳಿದ್ದಾರೆ. ಒಂದು ಮಾತು ಮುಚ್ಚಿಡಬಾರದು. ಇಂಥದೇ ಒಂದು ಸೂಚನೆ 2019ರಲ್ಲೂ ಬಂದಿತ್ತು, ಅದನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು. ದೊಡ್ಡ ಹೋಟೆಲು, ಈವೆಂಟ್ ಕಂಪನಿ, ಲಕ್ಷಾಂತರ ರೂಪಾಯಿ ಡಿಜೆ, ಇವೂ ಮದುವೆಯ ಹೆಸರಲ್ಲಿ ತಪ್ಪಿಸಿಕೊಳ್ಳಬೇಕಾ ಅನ್ನೋ ವಾದ ಇನ್ನೂ ಇದೆ. ಇರಲಿ. ಆ ವಾದ ಕೋರ್ಟಲ್ಲಿ ನಡೆಯಲಿ. ತಾಲ್ಲೂಕಿನ ಛತ್ರದ ಉಗ್ರಾಣದಲ್ಲಿ ಬೇಡ.

ಬಿಲ್ ಆಮೇಲೆ ಬಂತು. ಹುಡುಗಿಯ ಅಪ್ಪ ನನಗೆ ಫಾರ್ವರ್ಡ್ ಮಾಡಿದರು. ಕಾರ್ಯಕ್ರಮದ ವಿಧ ಅನ್ನೋ ಜಾಗದಲ್ಲಿ ಏನು ಬರೆದಿದ್ದರು ಗೊತ್ತಾ? "ಮನರಂಜನಾ ಕಾರ್ಯಕ್ರಮ". ಮದುವೆ ಅನ್ನೋ ಪದವೇ ಇಲ್ಲ. ಮದುವೆ ಅಂತ ಬರೆದರೆ ದುಡ್ಡು ತಗೊಳ್ಳೋಕೆ ಆಗಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನೋದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ನಾನು ಹಾಡಿನವರಿಗೆ ದುಡ್ಡು ಕೊಡಬಾರದು ಅನ್ನೋನಲ್ಲ. ಹೊಟ್ಟೆಪಾಡು ನನಗೆ ಗೊತ್ತು. ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯಲ್ಲಿ ಪಾಲು ಸಿಗಲೇಬೇಕು, ಅದನ್ನು ಕಂಪನಿಗಳು ಬರೆಸಿಕೊಳ್ಳೋ ಹಾಗಿಲ್ಲ ಅಂತ 2012ರಲ್ಲಿ ಕಾಯ್ದೆ ತಿದ್ದಿದರು. ಒಳ್ಳೆಯದೇ. ಹೋಟೆಲ್‌ನಲ್ಲಿ ಹೊಸ ವರ್ಷದ ಪಾರ್ಟಿಗೆ ಟಿಕೆಟ್ ಇಟ್ಟು ಹಾಡು ಹಾಕಿದರೆ ಕಟ್ಟಲಿ, ನಾನೇ ಕಟ್ಟಿಸುತ್ತೇನೆ. ಆದರೆ ಆ ದಿನ ನನ್ನನ್ನು ಚುಚ್ಚಿದ್ದು ಬೇರೆಯದೇ. ನೀನು ಯಾವ ಹಾಡು ಹಾಕುತ್ತೀಯಾ ಅಂತ ಯಾರೂ ಕೇಳಲೇ ಇಲ್ಲ! ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಯಾವ ಹಾಡು ಅಂತಲೇ ಗೊತ್ತಿಲ್ಲದೆ ಯಾರಿಗೆ ಪಾಲು ಕೊಡುತ್ತಾರೆ?

ನನಗೆ ಒಂದು ಅಭ್ಯಾಸ ಇದೆ. ಅಪ್ಪನಿಂದ ಬಂದದ್ದು. ಯಾವ ಕಾರ್ಯಕ್ರಮದಲ್ಲಿ ಏನು ಹಾಕಿದೆ ಅಂತ ಉದ್ದ ನೋಟ್‌ಬುಕ್ಕಲ್ಲಿ ಪೆನ್ಸಿಲಲ್ಲಿ ಬರೆದಿಡುತ್ತೇನೆ, ಮುಂದಿನ ಸಲ ಅದೇ ಮನೆಗೆ ಹೋದರೆ ಅದನ್ನೇ ಹಾಕಬಾರದು ಅಂತ. ಆ ರಾತ್ರಿಯ ಪುಟ ತೆಗೆದು ನೋಡಿದೆ. ಒಟ್ಟು 38. ಅದರಲ್ಲಿ ಆರು ಸೋಬಾನೆ ಪದ. ಮನೆಯ ಹೆಂಗಸರೇ ಮೈಕ್ ಹಿಡಿದು ಹಾಡಿದ್ದು. ಮೈಕು ನನ್ನದು, ಗಂಟಲು ಅವರದ್ದು, ಪದ ಯಾರದ್ದು ಅಂತ ದೇವರಿಗೇ ಗೊತ್ತು. ನಾಲ್ಕು ದಾಸರ ಪದ, ಹುಡುಗನ ಸೋದರತ್ತೆ ಹಾಡಿದ್ದು. ಮೂರು ಅಪ್ಪನ ಟ್ರಂಕಿನಲ್ಲಿದ್ದ ಹಳೇ ಗ್ರಾಮಫೋನ್ ತಟ್ಟೆಗಳಿಂದ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದು, ಎಲ್ಲಾ 1960ಕ್ಕಿಂತ ಹಿಂದಿನವು. ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಅಷ್ಟೇ. ಬರೆದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಆದರೆ ತಟ್ಟೆಯ ಹಕ್ಕು ನಮ್ಮದು ಅಂತ ಯಾವ ಕಂಪನಿಯೂ ಅನ್ನೋ ಹಾಗಿಲ್ಲ. ಉಳಿದ 25 ಸಿನಿಮಾ ಹಾಡು. ಆ 25ರಲ್ಲಿ ಪಿಡಿಎಫ್ ಕಳಿಸಿದವರ ಕೈಯಲ್ಲಿ ಎಷ್ಟರ ಹಕ್ಕಿತ್ತು? ಪಟ್ಟಿ ಕೊಡಿ ಅಂತ ತಂಗಿ ಮಗಳು ಇಮೇಲ್ ಮಾಡಿದಳು. ಎರಡು ಸಲ. ಉತ್ತರ ಇಲ್ಲ.

ಇದೆಲ್ಲಾ ಹೇಗೆ ನಡೆಯುತ್ತೆ ಅಂತ ಯೋಚಿಸಿದೆ. ಗುಟ್ಟು ಇರೋದು ಆ ಮೊತ್ತದಲ್ಲಿ. ಹತ್ತು ಸಾವಿರ ಅಂದರೆ ಹೊಟ್ಟೆ ಉರಿಯುತ್ತೆ, ಆದರೆ ವಕೀಲರ ಹತ್ತಿರ ಹೋಗುವಷ್ಟಲ್ಲ. ಲಕ್ಷ ಕೇಳಿದ್ದರೆ ಆ ಅಪ್ಪ ಜಗಳಕ್ಕೆ ನಿಲ್ಲುತ್ತಿದ್ದರು.

ಅಮೆರಿಕದಲ್ಲೂ ಹೀಗೇ ಆಗಿತ್ತಂತೆ. ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವಾಗ ಎಲ್ಲರೂ ಹಾಡೋ ಹಾಡು ಇದೆಯಲ್ಲ, ನಾನೂ ತಿಂಗಳಿಗೆ ಹತ್ತು ಸಲ ಹಾಕುತ್ತೇನೆ, ಅದರ ರಾಗ 1893ರಲ್ಲೇ ಅಚ್ಚಾಗಿದ್ದು. ಕೆಂಟಕಿಯ ಅಕ್ಕತಂಗಿಯರಿಬ್ಬರು ಮಕ್ಕಳ ಶಾಲೆಗೆ ಅಂತ ಮಾಡಿದ್ದು. ಆದರೂ ಸಿನಿಮಾದಲ್ಲಿ ಹಾಕಬೇಕಾದರೆ ವಾರ್ನರ್ ಚಾಪೆಲ್ ಅನ್ನೋ ಕಂಪನಿಗೆ ದುಡ್ಡು ಕಟ್ಟಬೇಕಿತ್ತು. ಒಬ್ಬ ಸಾಕ್ಷ್ಯಚಿತ್ರದ ನಿರ್ದೇಶಕಿ 1,500 ಡಾಲರ್ ಕಟ್ಟಿ, ಆಮೇಲೆ ಸುಮ್ನೆ ಕೂರದೆ ಕೇಸು ಹಾಕಿದರು. ಆ ಹಾಡಿನ ಸಾಹಿತ್ಯದ ಮೇಲೆ ಕಂಪನಿಗೆ ಸರಿಯಾದ ಹಕ್ಕೇ ಇಲ್ಲ ಅಂತ 2015ರಲ್ಲಿ ಕೋರ್ಟ್ ಹೇಳಿತು. 2016ರಲ್ಲಿ 1 ಕೋಟಿ 40 ಲಕ್ಷ ಡಾಲರ್ ವಾಪಸ್ ಕೊಡೋಕೆ ಒಪ್ಪಂದ ಆಯಿತು. ಅಲ್ಲಿಯವರೆಗೆ ಎಷ್ಟೋ ವರ್ಷ ಎಲ್ಲರೂ "ಹೋಗ್ಲಿ ಬಿಡು" ಅಂತ ಕಟ್ಟಿದವರೇ.

ಹಾಡಿಗೆ ಮಾತ್ರ ಹೀಗೆ ಅಂದುಕೋಬೇಡಿ. ನಮ್ಮ ಹಾಸನ ಜಿಲ್ಲೆ ಆಲೂಗಡ್ಡೆಗೆ ಹೆಸರಾದದ್ದು. ನನ್ನ ಭಾವಮೈದ ಪ್ರತಿ ವರ್ಷ ಜಲಂಧರ್ ಕಡೆಯ ಬಿತ್ತನೆ ಗಡ್ಡೆ ತಂದು ಹಾಕುತ್ತಾನೆ. 2019ರಲ್ಲಿ ಪೆಪ್ಸಿಕೋದವರು ಗುಜರಾತಿನ ಸಾಬರಕಾಂಠಾದ ನಾಲ್ಕು ಜನ ರೈತರ ಮೇಲೆ, ನಮ್ಮ ಚಿಪ್ಸ್ ತಳಿ ಎಫ್‌ಸಿ5 ಬೆಳೆದಿದ್ದೀರಿ ಅಂತ ತಲಾ 1 ಕೋಟಿ 5 ಲಕ್ಷ ಕೇಳಿ ದಾವೆ ಹಾಕಿದ್ದರು. ನೆನಪಿದೆಯಲ್ವಾ? ರೈತ ತನ್ನ ಬೆಳೆಯನ್ನು ಬಿತ್ತಬಹುದು, ಹಂಚಬಹುದು, ಮಾರಬಹುದು, ಬ್ರ್ಯಾಂಡ್ ಹೆಸರಲ್ಲಿ ಬೀಜ ಮಾರಬಾರದು ಅಷ್ಟೇ ಅಂತ 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣೆ ಕಾಯ್ದೆಯ 39ನೇ ಸೆಕ್ಷನ್ನಲ್ಲೇ ಇದೆ. ದೇಶದ ತುಂಬಾ ಗಲಾಟೆ ಆದ ಮೇಲೆ ಮೇ ತಿಂಗಳಲ್ಲಿ ದಾವೆ ವಾಪಸ್ ತೆಗೆದುಕೊಂಡರು. ತಳಿಯ ನೋಂದಣಿ ಮಾತ್ರ ರದ್ದಾಗಿ, ಮತ್ತೆ 2024ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಕಂಪನಿಯೇ ಗೆದ್ದಿತು, ಅದು ಬೇರೆ ಕಥೆ. ಭಾವಮೈದ ಆ ಸುದ್ದಿ ಓದಿ ಒಂದು ವಾರ ತನ್ನ ಗಡ್ಡೆಯ ಚೀಲ ತಿರುಗಿಸಿ ತಿರುಗಿಸಿ ಹೆಸರು ನೋಡಿದ. ಗುಜರಾತಿನ ದಾವೆಗೆ ಹಾಸನದಲ್ಲಿ ಹೆದರಿಕೆ.

ಸುಳ್ಳು ಬೇಡಿಕೆ ಇಟ್ಟವರಿಗೆ ಏನೂ ಆಗಲ್ಲವಾ ಅಂತ ತಂಗಿ ಮಗಳನ್ನು ಕೇಳಿದೆ. ಆಗುತ್ತಂತೆ. ಕೃತಿಸ್ವಾಮ್ಯ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ, ಆಧಾರವಿಲ್ಲದೆ ಕೇಸು ಹಾಕ್ತೀವಿ ಅಂತ ಹೆದರಿಸಿದವರ ಮೇಲೆ ನಾವೇ ದಾವೆ ಹೂಡಿ, ತಡೆಯಾಜ್ಞೆ, ನಷ್ಟ ಪರಿಹಾರ ಕೇಳಬಹುದು. ಟ್ರೇಡ್‌ಮಾರ್ಕ್, ಪೇಟೆಂಟ್ ಕಾಯ್ದೆಗಳಲ್ಲೂ ಇಂಥ ಸೆಕ್ಷನ್ ಇದೆ ಅಂದಳು. ಕಾಗದದಲ್ಲಿ ಚೆನ್ನಾಗಿದೆ. ಹತ್ತು ಸಾವಿರಕ್ಕೆ ಜಿಲ್ಲಾ ಕೋರ್ಟಿಗೆ ಯಾರು ಅಲೆಯುತ್ತಾರೆ? ಮಗಳ ಮದುವೆ ಸಾಲ ತೀರಿಸೋದಾ, ವಕೀಲರಿಗೆ ಫೀಸ್ ಕಟ್ಟೋದಾ?

ಅದಕ್ಕೇ ಕೋರ್ಟಿನ ತನಕ ಹೋಗದೆ ಮುಗಿಯುವ ಎರಡು ಕೆಲಸ ಕೇಳುತ್ತೇನೆ. ಛತ್ರಗಳ ಟ್ರೇಡ್ ಲೈಸೆನ್ಸ್ ನವೀಕರಣ ಮಾಡುವಾಗ ನಗರಸಭೆ, ಪಂಚಾಯಿತಿಯವರು ಆ 52ನೇ ಸೆಕ್ಷನ್ನಿನ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದು ಆಫೀಸ್ ರೂಮಿನ ಗೋಡೆಗೆ ಹಾಕಿಸಲಿ. ಎಲೆ ಎಷ್ಟು, ಗ್ಯಾಸ್ ಎಷ್ಟು ಅಂತ ಬೋರ್ಡ್ ಇರುತ್ತಲ್ಲ, ಅದರ ಪಕ್ಕದಲ್ಲೇ. ಎರಡನೆಯದು, ಯಾರೇ ಹಾಡಿಗೆ ದುಡ್ಡು ಕೇಳಿದರೂ ಯಾವ ಹಾಡು, ಅದರ ಹಕ್ಕು ತಮಗೆ ಹೇಗೆ ಬಂತು, ಯಾವ ದರಪಟ್ಟಿ ಅಂತ ಕನ್ನಡದಲ್ಲಿ ಬರೆದುಕೊಡಬೇಕು. ಬರೆದು ಕೊಡದವರಿಗೆ ಛತ್ರದ ಮಾಲೀಕರು ಬಾಗಿಲು ತೋರಿಸಬೇಕು. ಮಾಲೀಕರ ಸಂಘಗಳು ಮನಸ್ಸು ಮಾಡಿದರೆ ಇದು ಒಂದು ಮೀಟಿಂಗಿನ ಮಾತು.

ನಾನಂತೂ ಕಾಯಲಿಲ್ಲ. 2023ರ ಆ ಸೂಚನೆಯನ್ನು ಪ್ರಿಂಟ್ ತೆಗೆಸಿ, ಹಿಂದುಗಡೆ ತಂಗಿ ಮಗಳ ಕೈಲಿ ಕನ್ನಡದಲ್ಲಿ ಬರೆಸಿ, ಲ್ಯಾಮಿನೇಷನ್ ಮಾಡಿಸಿ, ಮಿಕ್ಸರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. 40 ರೂಪಾಯಿ ಆಯಿತು. ಹೋದ ಗುರುವಾರ ಅದೇ ಛತ್ರದಲ್ಲಿ ಇನ್ನೊಂದು ಮದುವೆ. ಮ್ಯಾನೇಜರ್ ಬಂದರು. ನಾನು ಮಾತಾಡದೆ ಪೆಟ್ಟಿಗೆಯ ಮುಚ್ಚಳ ತೆಗೆದೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು, ಎರಡೂ ಕಡೆ ಫೋಟೊ ತೆಗೆದುಕೊಂಡರು. "ಮಾಲೀಕರಿಗೆ ಕಳಿಸ್ತೀನಿ" ಅಂದರು. ಹೋಗುವಾಗ ತಿರುಗಿ, "ಆ ಹಳೇ ತಟ್ಟೆ ಹಾಡು ಇದ್ಯಲ್ಲ, ಊಟದ ಹೊತ್ತಿಗೆ ಹಾಕಿ" ಅಂದರು. ಹಾಕಿದೆ.

ಇತಿ,
ಒಬ್ಬ ಮೈಕ್ ಸೆಟ್‌ನವ
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ