ಹಾಲ್‌ನ ಬೆಳಕು, ಮುಖದ ಬಣ್ಣ, ನಮ್ಮ ಹೊಸ ರೇಟು

ಮುಂಬೈ ಮಾಟುಂಗದ ನಿಮ್ಮ ಫೋಟೋ ಸ್ಟುಡಿಯೋದಿಂದ ಎಲ್ಲರಿಗೂ ನಮಸ್ಕಾರ.

ತುಳಸಿ ಪೂಜೆ ಕಳೆದ ಮೇಲಿನ ಬುಕಿಂಗ್‌ಗಳಿಗೆ ಎರಡು ಬದಲಾವಣೆ ಇದೆ. ಹಾಲ್ ಒಳಗಿನ ಕಾರ್ಯಕ್ರಮಕ್ಕೆ ನಾವೇ ಎರಡು ಲೈಟು, ಜೊತೆಗೆ ಒಬ್ಬ ಹೆಲ್ಪರ್‌ನನ್ನು ತರುತ್ತೇವೆ. ಅದಕ್ಕೆ 3,000 ರೂಪಾಯಿ ಜಾಸ್ತಿ. ಫೋಟೋ 5 ದಿನದ ಬದಲು 12 ದಿನಕ್ಕೆ ಸಿಗುತ್ತದೆ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ರೇಟೇ. ಲೈಟು ಅವರಿಗೂ ಬರುತ್ತದೆ.

"ಮುಖ ಎಲ್ಲ ಹಳದಿ ಬಂದಿದೆ, ನಮ್ಮ ಹುಡುಗನ ಮೊಬೈಲಲ್ಲೇ ಚೆನ್ನಾಗಿದೆ." ಈ ವರ್ಷ ಕೌಂಟರಿನಲ್ಲಿ ಈ ಮಾತು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಬೇಜಾರಾಗಿದೆ. ಆದರೆ ಒಂದು ಕಡೆ ತಪ್ಪು ಪೂರ್ತಿ ನಮ್ಮದು, ಅದನ್ನು ಮೊದಲು ಹೇಳಿಬಿಡುತ್ತೇವೆ. ಮೇ ತಿಂಗಳ ಒಂದು ಮದುವೆ. ಸರಿಯಾಗಿ ಧಾರೆಯ ಹೊತ್ತಿಗೆ ಮಂಟಪದ ಮೇಲೆ ನೇರಳೆ ಎಲ್‌ಇಡಿ ಹತ್ತಿತು. ಆ ಬೆಳಕಲ್ಲಿ ಬರೀ ಕೆಂಪು, ನೀಲಿ. ಹಸಿರು ಇಲ್ಲವೇ ಇಲ್ಲ ಅನ್ನಬೇಕು. ಹುಡುಗಿಯ ಕೆನ್ನೆಯ ಅರಿಶಿನವೇ ಕಾಣಲಿಲ್ಲ. ಕ್ಯಾಮೆರಾಕ್ಕೆ ಸಿಗದ ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲಿಂದ ತರುವುದು? ಆಗಲೇ ಓಡಿಹೋಗಿ "ಸ್ವಲ್ಪ ಆರಿಸಿ" ಅನ್ನಬೇಕಿತ್ತು. ಮುಹೂರ್ತಕ್ಕೆ ಅಡ್ಡಿ ಯಾಕೆ ಎಂದು ಸುಮ್ಮನಿದ್ದೆವು. ಆ ಮನೆಯವರ ಹತ್ತಿರ ಕ್ಷಮೆ ಕೇಳಿದ್ದೇವೆ. ಇಲ್ಲೂ ಕೇಳುತ್ತೇವೆ.

ಇನ್ನು ಹಳದಿಯ ವಿಷಯ. ಹಾಲ್‌ನ ಹಳದಿ ದೀಪ ಸುಮಾರು 3,000 ಕೆಲ್ವಿನ್. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ. ನಮ್ಮ ಫ್ಲ್ಯಾಶ್ ಸುಮಾರು 5,500, ಹೆಚ್ಚುಕಡಿಮೆ ಮಧ್ಯಾಹ್ನದ ಬಿಸಿಲಿನ ಹಾಗೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಒಂದು ಬಣ್ಣ, ಇನ್ನೊಂದು ಕೆನ್ನೆ ಇನ್ನೊಂದು. ಕ್ಯಾಮೆರಾ ಇಡೀ ಫೋಟೋಗೆ ಒಂದೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಹೊಂದಿಸುವುದು) ಹಿಡಿಯುತ್ತದೆ, ಅದೇನು ಮಾಡೀತು? ಮೊದಲು ಸೀಲಿಂಗ್‌ಗೆ ಫ್ಲ್ಯಾಶ್ ಬೌನ್ಸ್ ಮಾಡುತ್ತಿದ್ದೆವು. ಬಿಳಿ ಸೀಲಿಂಗ್ ಇದ್ದಾಗ ಚಂದ ಬರುತ್ತಿತ್ತು. ಈಗ ಎಷ್ಟೋ ಕಡೆ ಮರದ ಬಣ್ಣ, ಚಿನ್ನದ ಬಣ್ಣ. ಬೆಳಕು ಅದೇ ಬಣ್ಣ ಹೊತ್ತು ಕೆಳಗೆ ಬರುತ್ತದೆ. ಹಸಿರು ರೇಷ್ಮೆ ಸೀರೆ ಉಟ್ಟವರ ಗಲ್ಲದ ಕೆಳಗೆ ನೋಡಿ, ಸೀರೆಯ ಹಸಿರು ಅಲ್ಲಿ ಕೂತಿರುತ್ತದೆ.

ಅದಕ್ಕೇ ಲೈಟು. ಫ್ಲ್ಯಾಶ್‌ಗೆ ಕಿತ್ತಳೆ ಜೆಲ್ ಹಾಳೆ (ಬೆಳಕು ದಾಟುವ ಬಣ್ಣದ ತೆಳು ಹಾಳೆ) ಹಾಕಿ ಹಾಲ್‌ನ ದೀಪದ ಬಣ್ಣಕ್ಕೆ ತರುತ್ತೇವೆ. ದೊಡ್ಡ ಸಾಫ್ಟ್‌ಬಾಕ್ಸ್‌ನಿಂದ ಪಕ್ಕದಿಂದ ಬೆಳಕು ಕೊಡುತ್ತೇವೆ, ಅದು ಲೈಟಿಗೆ ಹಾಕುವ ಬಟ್ಟೆಯ ಪೆಟ್ಟಿಗೆ, ಬೆಳಕನ್ನು ಮೆತ್ತಗೆ ಮಾಡುತ್ತದೆ. ಬೂದು ಬಣ್ಣದ ಕಾರ್ಡ್ ಹಿಡಿದು, ಅದನ್ನೇ ಅಳತೆಯಾಗಿಟ್ಟು ವೈಟ್ ಬ್ಯಾಲೆನ್ಸ್ ಮಾಡುತ್ತೇವೆ. ಎಲ್ಲವೂ ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದದ್ದು ತಿದ್ದದೆ ಹಾಗೇ ಇರುವ ಫೈಲ್. ಜೆಪೆಗ್‌ನಲ್ಲಿ (ಮಾಮೂಲಿ ಫೋಟೋ ಫೈಲ್) ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, ನಮ್ಮ 14 ಬಿಟ್ ರಾ ಫೈಲಿನಲ್ಲಿ 16,384. ಚರ್ಮದ ಬಣ್ಣ ತಿದ್ದುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೆ ಒಂದೊಂದು ಮುಖವನ್ನೂ ಕೂತು ನೋಡಬೇಕು, ಹಾಗಾಗಿ 12 ದಿನ.

ಮೊಬೈಲಲ್ಲಿ ಚೆನ್ನಾಗಿದೆ ಅನ್ನುತ್ತೀರಲ್ವಾ? ಎಷ್ಟೋ ಮೊಬೈಲ್‌ಗಳು ಕೇಳದೆಯೇ ಮುಖ ಬೆಳ್ಳಗೆ, ನುಣ್ಣಗೆ ಮಾಡುತ್ತವೆ. ಅಂಗೈಯಷ್ಟು ಪರದೆಯಲ್ಲಿ ಒಪ್ಪುತ್ತದೆ. ಅದನ್ನೇ ಆಲ್ಬಮ್ ಸೈಜಿಗೆ ಪ್ರಿಂಟ್ ಹಾಕಿದರೆ ಅಜ್ಜಿಯ ಹಣೆಯ ಗೆರೆಗಳೇ ಇರುವುದಿಲ್ಲ. "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಎಂದು ಕೇಳುವವರಿಗೆ ಇನ್ನು ಮುಂದೆ ಆಗುವುದಿಲ್ಲ ಅನ್ನುತ್ತೇವೆ. ಎಣ್ಣೆಗಪ್ಪು ಮುಖಕ್ಕೆ ಸಾಕಷ್ಟು ಬೆಳಕು ಕೊಟ್ಟು ತೆಗೆದರೆ ಅದರ ಕಳೆಯೇ ಬೇರೆ. ಬೆಳಕು ಕಡಿಮೆ ಕೊಟ್ಟು ತೆಗೆದಾಗ ಮಾತ್ರ ಅದು ಮಸಿ ಬಳಿದ ಹಾಗೆ ಬರುತ್ತದೆ.

3,000 ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತೀರಿ. ಹೆಲ್ಪರ್‌ಗೆ 1,200. ಬೆಳಿಗ್ಗೆಯ ಲೋಕಲ್‌ನಲ್ಲಿ ಸ್ಟ್ಯಾಂಡು, ಸಾಫ್ಟ್‌ಬಾಕ್ಸ್ ಹಿಡಿದು ಹತ್ತಲು ಆಗುತ್ತದೆಯೇ ಹೇಳಿ? ಟ್ಯಾಕ್ಸಿಗೆ ಹೋಗಿಬರಲು 900. ಉಳಿದಿದ್ದು ಬ್ಯಾಟರಿ, ಜೆಲ್, ಹಾರ್ಡ್ ಡಿಸ್ಕ್. ಕೆಲವು ಹಾಲ್‌ನವರು ಒಂದು ಪ್ಲಗ್ ಪಾಯಿಂಟಿಗೂ ನಮ್ಮಿಂದಲೇ ದುಡ್ಡು ಕೇಳುತ್ತಾರೆ, ಅದನ್ನು ನಿಮ್ಮ ಬಿಲ್ಲಿಗೆ ಹಾಕಿಲ್ಲ. "ಲೂಟಿ" ಎಂಬ ಮಾತು ಕಿವಿಗೆ ಬಿದ್ದಿದೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆವು.

ಹಾಲ್ ಗೊತ್ತಾದ ಕೂಡಲೇ ನಮಗೊಂದು ಫೋನ್ ಮಾಡಿ. ನಾನೇ ಹೋಗಿ ಸೀಲಿಂಗು, ದೀಪ ನೋಡಿ ಬರುತ್ತೇನೆ, ಅದಕ್ಕೆ ದುಡ್ಡಿಲ್ಲ. ಡೆಕೋರೇಟರ್ ಹತ್ತಿರ ಧಾರೆಯ ಹೊತ್ತಿಗೆ ಬಣ್ಣದ ಲೈಟು ಬೇಡ ಎಂದು ನೀವೂ ಒಂದು ಮಾತು ಹೇಳಿಡಿ. ಈ ವರ್ಷ ತೆಗೆದ ಯಾವುದೇ ಆಲ್ಬಮ್‌ನಲ್ಲಿ ಮುಖ ಹಳದಿ ಅನಿಸಿದ್ದರೆ ಅಂಗಡಿಗೆ ತನ್ನಿ. ತಿದ್ದಲು ಆಗುವುದನ್ನೆಲ್ಲ ತಿದ್ದಿ, ಆ ಪುಟಗಳನ್ನು ನಮ್ಮ ಖರ್ಚಿನಲ್ಲೇ ಮತ್ತೆ ಪ್ರಿಂಟ್ ಮಾಡಿ ಕೊಡುತ್ತೇವೆ. ಭಾನುವಾರ ಮಧ್ಯಾಹ್ನದ ತನಕ ಕೌಂಟರಿನಲ್ಲಿ ನಾನೇ ಇರುತ್ತೇನೆ.